ಐದು ವರ್ಷ ತುಂಬದವರು

ಫೆಬ್ರವರಿ 3, ಸೋಮವಾರ

ಇವತ್ತು ಒಂಬತ್ತು ಮನೆ. ಎರಡಕ್ಕೆ ಬೀಗ, ಒಂದರಲ್ಲಿ ನಾಯಿ. ನಾಯಿ ಇದ್ದ ಮನೆಯಲ್ಲಿ ಜನರೂ ಇದ್ದರು, ನಾಯಿಯನ್ನು ದಾಟಿ ಅವರ ತನಕ ಹೋಗಲಾಗಲಿಲ್ಲ, ಅಷ್ಟೆ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಮುಚ್ಚಿಹೋದ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದ ನಾನೂರು ಜನರ ಪಟ್ಟಿ ನನ್ನ ಚೀಲದಲ್ಲಿದೆ. ವರ್ಷಕ್ಕೊಮ್ಮೆ ಅವರ ಬಾಗಿಲಿಗೆ ಹೋಗಬೇಕು. ಬದುಕಿದ್ದಾರೆಯೇ, ಬದುಕಿದ್ದರೆ ಉಸಿರು ಹೇಗಿದೆ, ತೀರಿಕೊಂಡಿದ್ದರೆ ಯಾವುದರಿಂದ ಎಂದು ಕೇಳಿ ಬರೆದುಕೊಳ್ಳಬೇಕು. ಆಸ್ಪತ್ರೆಯ ಡಾಕ್ಟರು ಒಬ್ಬ ರೋಗಿಯ ಎದೆಗೆ ಕಿವಿ ಕೊಟ್ಟರೆ ನಮ್ಮ ಡಾಕ್ಟರಮ್ಮ ಇಡೀ ಊರಿನ ಎದೆಗೆ ಕಿವಿ ಕೊಡುತ್ತಾರೆ ಎಂದು, ಸೇರಿದ ಹೊಸದರಲ್ಲಿ ಸಿಕ್ಕಿದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಯಾರಾದರೂ ಕೆಲಸ ಹೇಗಿದೆ ಅಂದರೆ ಕಾಲು ನೋವು ಅನ್ನುತ್ತೇನೆ.

ಇದು ಕೊನೆಯ ಸುತ್ತು. ಊರಿನ ಆಚೆ ಬದಿಗೆ ಹೊಸ ಪಿಂಗಾಣಿ ಕಾರ್ಖಾನೆ ಏಳುತ್ತಿದೆ. ಅಲ್ಲಿ ದೂಳಿಗೆ ಏನು ಕಟ್ಟುಪಾಡು ಇರಬೇಕು, ಹಳೆಯ ಕೆಲಸಗಾರರಿಗೆ ಚಿಕಿತ್ಸೆ ಕೊಡಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿದೆ. ಮಾರ್ಚ್ ಕೊನೆಗೆ ನಮ್ಮ ವರದಿ ಅವರ ಕೈ ಸೇರಬೇಕು.

ಮನೆಗೆ ಬಂದರೆ ಗ್ಯಾಸ್ ಸಿಲಿಂಡರ್ ಕೆಳಗೇ ನಿಂತಿತ್ತು. ಇವರು ಇಡೀ ದಿನ ಮನೆಯಲ್ಲೇ ಇದ್ದರು. "ಪಕ್ಕದ ಮನೆಯವನು ಬರ್ಲಿ ಅಂತ ಕಾಯ್ತಾ ಇದ್ದೆ" ಎಂದರು. ನಾನೇ ಒಂದೊಂದು ಮೆಟ್ಟಿಲಿಗೂ ಢಣ್ ಎನ್ನಿಸುತ್ತ ಮೇಲೆ ಎಳೆದು ತಂದೆ. ಅವರಿಗೆ ಕೇಳಲಿ ಎಂದೇ.

ಫೆಬ್ರವರಿ 8, ಶನಿವಾರ

ದಿನಕ್ಕೆ ಒಂಬತ್ತು ಸಲ ಕೇಳುವ ಪ್ರಶ್ನೆಗಳು ನಿದ್ದೆಯಲ್ಲೂ ಬಾಯಿಗೆ ಬರುತ್ತವೆ. ಸಮತಟ್ಟಾದ ದಾರಿಯಲ್ಲಿ ನಿಮ್ಮ ವಯಸ್ಸಿನವರ ಜೊತೆ ನಡೆಯುವಾಗ ಹಿಂದೆ ಬೀಳುತ್ತೀರಾ? ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆಯೇ? ಮಲಗುವಾಗ ತಲೆ ಎತ್ತರ ಮಾಡಿಕೊಳ್ಳುತ್ತೀರಾ? ಒಬ್ಬ ಅಜ್ಜ, "ಹಿಂದೆ ಬೀಳೋದಾ? ನನ್ನ ವಯಸ್ಸಿನವರು ಯಾರೂ ಉಳಿದಿಲ್ಲಮ್ಮ. ಹಿಂದೂ ನಾನೇ, ಮುಂದೂ ನಾನೇ" ಎಂದರು. ನಕ್ಕು, "ಇಲ್ಲ" ಎಂದು ಗುರುತು ಹಾಕಿಕೊಂಡೆ.

ಸಂಜೆ ಗೆಳತಿಯ ಮಗನ ಮದುವೆಗೆ ಹೋಗಬೇಕಿತ್ತು. ಎರಡು ಬೀದಿ ದಾಟುವಷ್ಟರಲ್ಲಿ ಇವರು ಮೂರು ಅಂಗಡಿಗಳ ಮುಂದೆ ನಿಂತರು. ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಮೂರನೆಯದು ಮುಚ್ಚಿದ ಅಂಗಡಿ.

"ಮುಚ್ಚಿದ ಬಾಗಿಲಲ್ಲಿ ಏನ್ರೀ ನೋಡ್ತೀರ?"

"ಬೋರ್ಡು ಚೆನ್ನಾಗಿ ಬರ್ದಿದಾರೆ."

ಬೋರ್ಡಿನಲ್ಲಿ ಅರ್ಧ ಅಕ್ಷರ ಅಳಿಸಿಹೋಗಿತ್ತು. ಮದುಮಕ್ಕಳು ವೇದಿಕೆಯಿಂದ ಇಳಿದು ಊಟಕ್ಕೆ ಹೋದ ಮೇಲೆ ನಾವು ತಲುಪಿದೆವು. ಇವರ ಜೊತೆ ಎಲ್ಲಿಗೂ ಹೊರಡಬಾರದು.

ಫೆಬ್ರವರಿ 12, ಬುಧವಾರ

ಮಗಳು ಫೋನು ಮಾಡಿದ್ದಳು. "ಅಪ್ಪ ಯಾಕಮ್ಮ ಅರ್ಧ ಮಾತಿಗೇ ನಿಲ್ಲಿಸ್ತಾರೆ?" ಎಂದಳು. ಮಾತಾಡೋಕೂ ಸೋಮಾರಿತನ ಕಣೇ ಅಂದೆ. ಅವಳಿಗೆ ನಗು ಬರಲಿಲ್ಲ.

ಇವಳು ನನ್ನ ಹೊಟ್ಟೆಯಲ್ಲಿ ಆರು ತಿಂಗಳಿದ್ದಾಗ ಇವರು ಕೆಲಸ ಬಿಟ್ಟರು. ಅದೇ ಪಿಂಗಾಣಿ ಕಾರ್ಖಾನೆ, ಪ್ಯಾಕಿಂಗ್ ವಿಭಾಗ, ನಾಲ್ಕು ವರ್ಷ. ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ, ಮೈ ಸವೆಯುವಂಥದ್ದೇನಲ್ಲ. ಯಾಕೆ ಬಿಟ್ಟಿರಿ ಅಂದರೆ "ಒಗ್ಗಲಿಲ್ಲ" ಎಂಬ ಒಂದೇ ಮಾತು. ಇಪ್ಪತ್ತನಾಲ್ಕು ವರ್ಷವಾಯಿತು, ಆ ಮಾತಿಗೆ ಎರಡನೆಯದು ಸೇರಿಲ್ಲ. ಅಂದಿನಿಂದ ಮುಂದಿನ ಕೋಣೆಯಲ್ಲಿ ಕೂತು ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಕೈ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಯಾರ ಮನೆಗೂ ಹೋಗುವುದಿಲ್ಲ. ಫ್ಯಾನನ್ನು ಬಿಚ್ಚಿ ಹೊತ್ತು ತರುವವರು ಎಷ್ಟು ಜನ? ಹೋಗಿ ಬನ್ನಿ ಅಂದರೆ ಕೇಳಿಸದವರ ಹಾಗೆ ಸ್ಕ್ರೂ ಹುಡುಕುತ್ತಾರೆ. ಮನೆ ನಡೆದದ್ದು ನನ್ನ ಕಾಲಿನ ಮೇಲೆ. ಅದನ್ನು ಬಾಯಿಬಿಟ್ಟು ಆಡಿ ಆಡಿ ನನಗೇ ಬೇಜಾರು ಬಂದಿದೆ.

ಫೆಬ್ರವರಿ 19, ಬುಧವಾರ

ಅಂಕಿಅಂಶ ನೋಡುವ ಹುಡುಗನನ್ನು ಎಲ್ಲರೂ ದಶಮಾಂಶ ಅನ್ನುತ್ತೇವೆ. ಚಹಾ ಎಷ್ಟು ಬೇಕು ಅಂದರೂ "ಪಾಯಿಂಟ್ ಐದು" ಎನ್ನುವ ಆಸಾಮಿ. ಮೂವತ್ತೈದಾದರೂ ಮನೆಮನೆ ತಿರುಗಲು ಒಂದು ದಿನ ಬಂದವನಲ್ಲ. ಜನರನ್ನು ಕಂಡರೆ ಅವನಿಗೆ ಭಯ.

ಇವತ್ತು ಡಾಕ್ಟರಮ್ಮನ ಕೋಣೆಯಲ್ಲಿ ಅವನು ತಲೆ ಕೆಳಗೆ ಹಾಕಿ ನಿಂತಿದ್ದ. "ಮೇಡಂ, ಊರಿನ ಸಾವಿನ ಲೆಕ್ಕದ ಪ್ರಕಾರ ಈ ನಾನೂರು ಜನರಲ್ಲಿ ಇಷ್ಟೊತ್ತಿಗೆ ತೊಂಬತ್ತು ಜನ ಹೋಗಿರ್ಬೇಕಿತ್ತು. ಹೋಗಿರೋದು ಎಪ್ಪತ್ನಾಲ್ಕು."

"ಅಂದ್ರೆ?"

"ಅಂದ್ರೆ ಆ ಕಾರ್ಖಾನೇಲಿ ಕೆಲಸ ಮಾಡಿದ್ರೆ ಆಯಸ್ಸು ಗಟ್ಟಿ ಅಂತ ಬರ್ತಾ ಇದೆ."

ಹನ್ನೊಂದು ವರ್ಷ ನಾನು ಹತ್ತಿದ ಮೆಟ್ಟಿಲು, ತಿಂದ ದೂಳು, ಬೈಸಿಕೊಂಡದ್ದು ಎಲ್ಲ ಸೇರಿ ಇದಕ್ಕಾಯಿತೇ? ಹೊಸ ಕಾರ್ಖಾನೆಯವರು ಈ ವರದಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಫೆಬ್ರವರಿ 26, ಬುಧವಾರ

ಹನ್ನೆರಡು ಮನೆ. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 1, ಶನಿವಾರ

ಪಟ್ಟಿಯ ಕೊನೆಯ ಹೆಸರು ಹಳೆಯ ಮೇಸ್ತ್ರಿಯದು. ಎಪ್ಪತ್ತೆಂಟು ವರ್ಷ, ನಾನು ಹೋದಾಗ ಏಣಿ ಹಾಕಿಕೊಂಡು ಸೂರಿನ ಹೆಂಚು ಸರಿಮಾಡುತ್ತಿದ್ದರು. ಪ್ರಶ್ನೆ ಕೇಳಿದ್ದಕ್ಕೆಲ್ಲ ಇಲ್ಲ, ಇಲ್ಲ, ಇಲ್ಲ. ಸುಸ್ತಾಗಿ ನಾನೇ ಜಗಲಿಯ ಮೇಲೆ ಕೂತುಬಿಟ್ಟೆ.

"ನಿಮ್ಮಂಥ ಗಟ್ಟಿಯವರನ್ನೇ ನೋಡಿ ನೋಡಿ ನಮ್ಮ ಲೆಕ್ಕ ತಲೆಕೆಳಗಾಗಿದೆ ಯಜಮಾನ್ರೇ" ಅಂದೆ.

"ನಿಮ್ಮ ಪಟ್ಟೀಲಿ ಯಾರ್ಯಾರಿದಾರೆ?"

"ಐದು ವರ್ಷ ತುಂಬಿದವರೆಲ್ಲ ಇದಾರೆ. ದೂಳು ಒಳಗಿಳಿದು ತೊಂದರೆ ಕೊಡೋಕೆ ವರ್ಷಗಳು ಬೇಕಲ್ಲ, ಅದಕ್ಕೇ ಮೊದಲಿದ್ದ ದೊಡ್ಡ ಡಾಕ್ಟರು ಹಾಗೆ ಗೆರೆ ಹಾಕಿದ್ರು."

ಅವರು ಏಣಿಯಿಂದ ಇಳಿದು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. "ಬೇಸಿನ್ನು ಒಣಗಿದ ಮೇಲೆ ಬೆಂಕಿಗೆ ಹಾಕೋ ಮುಂಚೆ ಉಜ್ಜಿ ನುಣುಪು ಮಾಡ್ತಿದ್ವಲ್ಲ, ಆ ಶೆಡ್ಡು ನಂದೇ. ಒಳಗೆ ನಿಂತ್ರೆ ಪಕ್ಕದವನ ಮುಖ ಕಾಣ್ತಿರ್ಲಿಲ್ಲ. ಹೊಸಬ ಬಂದ ಅಂದ್ರೆ ಎರಡನೇ ವರ್ಷಕ್ಕೇ ಗೊತ್ತಾಗ್ತಿತ್ತು. ತಡೆಯೋನು ಉಳೀತಿದ್ದ. ತಡೀದೋನು ಕೆಮ್ಮಿಕೊಂಡು ಮನೆಗೆ ಹೋಗ್ತಿದ್ದ. ಕೆಮ್ಮೋರನ್ನ ಯಾರಮ್ಮ ಐದು ವರ್ಷ ಇಟ್ಕೋತಾರೆ? ನೀವು ಇಷ್ಟು ವರ್ಷ ಉಳಿದೋರನ್ನೇ ಹುಡುಕಿದೀರ. ಹೋದೋರನ್ನ ಯಾರು ಕೇಳಿದ್ರು?"

ಹೋದವರ ಹೆಸರುಗಳು ಎಲ್ಲಾದರೂ ಸಿಗುತ್ತವೆಯೇ ಎಂದು ಕೇಳಿದೆ.

ಕಾರ್ಖಾನೆ ಮುಚ್ಚಿದಾಗ ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕುತ್ತಿದ್ದರಂತೆ. ಇವರು ಮನೆಗೆ ತಂದುಕೊಂಡರಂತೆ. ಎಲ್ಲಿವೆ ಎಂದೆ. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ನಾಲ್ಕು ಕಾಲಿನಡಿ ನಾಲ್ಕು ಪುಸ್ತಕ, ಮೇಲೆ ಮಂಚ. "ನೆಲ ತೇವ ಹಿಡಿಯುತ್ತೆ" ಎಂದರು. ನಾವಿಬ್ಬರೂ ಸೇರಿ ಮಂಚ ಎತ್ತಿದೆವು.

ಮಾರ್ಚ್ 3, ಸೋಮವಾರ

ಡಾಕ್ಟರಮ್ಮ ಪುಟ ತಿರುಗಿಸುತ್ತ ತಿರುಗಿಸುತ್ತ ಕನ್ನಡಕ ತೆಗೆದಿಟ್ಟು ಕಣ್ಣು ಒತ್ತಿಕೊಂಡರು. "ಪಾಠ ಮಾಡುವಾಗ ಇದನ್ನೇ ನಾನು ಹುಡುಗರಿಗೆ ಹೇಳ್ತೀನಿ. ಕೆಲಸಕ್ಕೆ ಸೇರೋರೇ ಗಟ್ಟಿಮುಟ್ಟಾದವರು, ಅದರಲ್ಲೂ ಉಳಿಯೋರು ಇನ್ನೂ ಗಟ್ಟಿ. ಅವರನ್ನ ಊರಿನವರ ಜೊತೆ ಹೋಲಿಸಿದ್ರೆ ಮೋಸ ಹೋಗ್ತೀರಿ ಅಂತ. ನನ್ನ ಕಣ್ಣೆದುರಿನ ಪಟ್ಟಿಗೆ ಬಂದಾಗ ನನಗೇ ಹೊಳೀಲಿಲ್ಲ ನೋಡಿ."

ಸಮಿತಿಯವರು ಒಂದು ತಿಂಗಳು ಹೆಚ್ಚಿಗೆ ಕೊಟ್ಟಿದ್ದಾರೆ. ಉಜ್ಜುವ ಶೆಡ್ಡಿಗೆ ಸೇರಿ ಐದು ವರ್ಷದೊಳಗೆ ಬಿಟ್ಟವರನ್ನೆಲ್ಲ ಹುಡುಕಬೇಕು. ನನ್ನ ಜೊತೆ ಇನ್ನಿಬ್ಬರು. ಮೊಣಕಾಲಿಗೆ ಹೊಸ ಪಟ್ಟಿ ತಂದೆ.

ಮಾರ್ಚ್ 5, ಬುಧವಾರ

ದಶಮಾಂಶ ಟೈಪು ಮಾಡುತ್ತಿದ್ದ, ನಾನು ಓದಿ ಹೇಳುತ್ತಿದ್ದೆ. ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ಸೇರಿದ ದಿನ, ಬಿಟ್ಟ ದಿನ. ಮೂರನೆಯ ಪುಸ್ತಕದ ನಡುವೆ ಒಂದು ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ.

ನನ್ನ ಮಾವನ ಹೆಸರು. ಅದರ ಹಿಂದೆ ಇವರ ಹೆಸರು. ಮೇಲೆ ದಪ್ಪ ಅಕ್ಷರದಲ್ಲಿ: ಉಜ್ಜುವ ಶೆಡ್ಡು.

"ಮುಂದೆ, ಅಕ್ಕಾ" ಎಂದ.

ಕೆಳಗಿನ ಸಾಲನ್ನು ಓದಿದೆ.

ಮಾರ್ಚ್ 6, ಗುರುವಾರ

ಕೇಳಲಿಲ್ಲ. ಊಟಕ್ಕೆ ಬಡಿಸಿದೆ. ಎರಡು ತುತ್ತಿನ ನಡುವೆ ಎಷ್ಟು ಹೊತ್ತು ಬಿಡುತ್ತಾರೆ! ಇಷ್ಟು ನಿಧಾನ ಮೊದಲೂ ಇತ್ತೇ?

ಪುಸ್ತಕದಲ್ಲಿ ತಪ್ಪಾಗಿ ಬರೆದಿರಬಹುದು. ಹಳೆಯ ಗುಮಾಸ್ತರ ಕೆಲಸ, ಹೇಳುವ ಹಾಗಿಲ್ಲ.

ಮಾರ್ಚ್ 10, ಸೋಮವಾರ

ಇವತ್ತು ನಾನು ಹೋದ ಏಳು ಮನೆಗಳಲ್ಲಿ ನಾಲ್ಕು ಕಡೆ ಗಂಡಸು ಇಲ್ಲ. ಮೂವತ್ತೊಂಬತ್ತಕ್ಕೆ, ನಲವತ್ತೊಂದಕ್ಕೆ, ನಲವತ್ತಕ್ಕೆ, ಮೂವತ್ತಾರಕ್ಕೆ ಹೋದವರು. ಒಬ್ಬಳು, "ಕ್ಷಯ ಅಂತ ಎರಡು ಸಲ ಔಷಧಿ ಕೊಟ್ರು, ಹಿಡೀಲಿಲ್ಲ" ಎಂದಳು. ಕೊನೆಯ ಮನೆಯಲ್ಲಿ ಮನುಷ್ಯ ಇದ್ದ. ಕಿಟಕಿಯ ಸರಳು ಹಿಡಿದು ನಿಂತೇ ಮಾತಾಡಿದ. ಕೂತರೆ ಏಳುವುದು ಕಷ್ಟವಂತೆ. ಇವರಿಗಿಂತ ಎರಡು ವರ್ಷ ಚಿಕ್ಕವನು.

ಕಚೇರಿಗೆ ಬಂದಾಗ ದಶಮಾಂಶ ಹಾಜರಿ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದ. "ಅಕ್ಕಾ, ಪುಸ್ತಕದಲ್ಲಿ ನೂರ ಅರವತ್ಮೂರು, ನನ್ನ ಹತ್ರ ನೂರ ಅರವತ್ತೆರಡು. ಒಂದು ಕಡಿಮೆ ಬರ್ತಾ ಇದೆ. ಮೂರು ಸಲ ಎಣಿಸಿದೆ. ಎಲ್ಲೋ ಟೈಪು ಮಾಡ್ವಾಗ ನಾನೇ ತಪ್ಪಿದೀನಿ."

ಅವನ ಮುಖ ನೋಡಿದೆ. ಬೆಳಗಿನಿಂದ ಅವನು ತನ್ನನ್ನೇ ಬೈದುಕೊಂಡಿದ್ದಾನೆ.

"ನೀನು ತಪ್ಪಿಲ್ಲಪ್ಪ. ನಾನು ಓದಲಿಲ್ಲ. ಅದು ನಮ್ಮನೆಯವರು."

ಅವನು ಆ ಸಾಲನ್ನು ಹುಡುಕಿ ಟೈಪು ಮಾಡಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ನನಗೆ ಚಹಾ ತಂದಿಟ್ಟ. ಪೂರ್ತಿ ಲೋಟ.

ಮಾರ್ಚ್ 13, ಗುರುವಾರ

ಸ್ವಂತ ಮನೆಯವರನ್ನು ನಾವೇ ಪ್ರಶ್ನೆ ಮಾಡುವ ಹಾಗಿಲ್ಲ. ಉತ್ತರ ಬಾಗುತ್ತದೆ ಎಂದು ನಿಯಮ. ಉಳಿದಿಬ್ಬರೂ ದೂರದ ಬಡಾವಣೆಗಳಿಗೆ ಹೋಗಿದ್ದರಿಂದ ದಶಮಾಂಶನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಪೆನ್ನು. ಇವರು ಸ್ಕ್ರೂಗಳನ್ನು ಡಬ್ಬಿಗೆ ತುಂಬಿ ಮೇಜು ಖಾಲಿ ಮಾಡಿಕೊಟ್ಟರು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತೆ. ನಲ್ಲಿ ಸಣ್ಣಗೆ ತಿರುಗಿಸಿದ್ದೆ.

"ಯಾವ ವಿಭಾಗ, ಸರ್?"

"ಉಜ್ಜೋ ಶೆಡ್ಡು. ಮೊದಲಿಂದ ಕೊನೇತನಕ ಅಲ್ಲೇ." ಸ್ವಲ್ಪ ತಡೆದು, "ಪ್ಯಾಕಿಂಗ್ ಅಂತ ಮನೇಲಿ ಹೇಳಿದ್ದೆ. ಶೆಡ್ಡಿನವನಿಗೆ ಮಗಳನ್ನ ಕೊಡಲ್ಲ ಅಂತ ನಮ್ಮ ಮಾವ ಹಟ ಹಿಡಿದಿದ್ರು. ಒಂದ್ಸಲ ಹೇಳಿದ್ಮೇಲೆ... ಬದಲಾಯಿಸೋಕಾಗ್ಲಿಲ್ಲ."

ಸಮತಟ್ಟಾದ ದಾರಿಯ ಪ್ರಶ್ನೆ ಬಂತು. ಹೌದು ಎಂದರು. ನಡುವೆ ನಿಲ್ಲಬೇಕಾಗುತ್ತದೆಯೇ? ಹೌದು. ತಲೆ ಎತ್ತರ ಮಾಡಿಕೊಳ್ಳುತ್ತೀರಾ? ಮೂರು ದಿಂಬು. ಎಷ್ಟು ವರ್ಷದಿಂದ? ಎಂಟೊಂಬತ್ತು. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಗಳನ್ನು ನಾನು ಎಷ್ಟು ಸಾವಿರ ಸಲ ಕೇಳಿರಬಹುದು?

"ಕೆಲಸ ಯಾಕೆ ಬಿಟ್ರಿ? ಇಲ್ಲಿ ಐದು ಕಾರಣ ಇವೆ. ಒಂದು, ಬೇರೆ ಕೆಲಸ. ಎರಡು, ಆರೋಗ್ಯ. ಮೂರು, ತೆಗೆದುಹಾಕಿದರು. ನಾಲ್ಕು, ಮನೆಯ ತಾಪತ್ರಯ. ಐದು, ಗೊತ್ತಿಲ್ಲ."

"ಸೋಮಾರಿತನ ಅಂತ ಬರ್ಕೊಳ್ಳಿ. ಮನೇಲಿ ಹಾಗೇ ಗೊತ್ತಿರೋದು."

ಹುಡುಗ ತಡವರಿಸಿದ. "ಆ ಸಂಖ್ಯೆ ಇದರಲ್ಲಿ ಇಲ್ಲ ಸರ್."

ಉಸಿರು ಎಳೆದುಕೊಂಡದ್ದು ಅಡುಗೆಮನೆಯ ತನಕ ಕೇಳಿಸಿತು. "ಹಾಗಾದ್ರೆ ಎರಡು ಹಾಕಿ. ಬೇಸಿನ್ನು ಎತ್ತಿ ಹತ್ತು ಹೆಜ್ಜೆ ಇಡೋಕೆ ಆಗ್ತಿರ್ಲಿಲ್ಲ. ಇವಳು ಬಸುರಿ. ಹೆದರ್ಸೋದು ಬೇಡ ಅಂತ ಸುಮ್ನಾದೆ. ಆಮೇಲೆ ಹೇಳೋಣ ಅಂತಿದ್ದೆ. ಅಷ್ಟ್ರಲ್ಲಿ ಅವಳು ಬಯ್ಯೋಕೆ ಶುರು ಮಾಡಿಬಿಟ್ಟಿದ್ಲು" ಎಂದು ನಕ್ಕರು. ನಗು ಕೆಮ್ಮಾಯಿತು. "ಬಯ್ಲಿ ಬಿಡಿ. ಅಳೋದಕ್ಕಿಂತ ಬಯ್ಯೋದೇ ವಾಸಿ ಅಲ್ವಾ? ಕೆಲಸಕ್ಕೆ ಹೊರಡೋ ಬಲ ಇರುತ್ತೆ."

ಕೊನೆಯ ಪ್ರಶ್ನೆ ಎಲ್ಲರಿಗೂ ಕೇಳುವಂಥದ್ದೇ: ಮುಂದೆ ನೀವು ಸಿಗದೇ ಹೋದರೆ ನಿಮ್ಮ ವಿಷಯ ಯಾರನ್ನು ವಿಚಾರಿಸಬೇಕು?

"ಇವಳನ್ನೇ ಕೇಳಿ. ಇವಳಿಗೆಲ್ಲಾ ಗೊತ್ತಿರುತ್ತೆ."

ನಲ್ಲಿ ಪೂರ್ತಿ ತಿರುಗಿಸಿದೆ.

ಮಾರ್ಚ್ 20, ಗುರುವಾರ

ಎಕ್ಸ್-ರೇ ಆಯಿತು. ಎರಡೂ ಪುಪ್ಪುಸದ ಮೇಲ್ಭಾಗದಲ್ಲಿ ಬಿಳಿ ಚುಕ್ಕೆಗಳು, ಅಕ್ಕಿ ಚೆಲ್ಲಿದ ಹಾಗೆ. ಕೂತ ದೂಳು ಹೊರಗೆ ಬರುವುದಿಲ್ಲ ಎಂದು ಡಾಕ್ಟರಮ್ಮ ನೇರವಾಗಿಯೇ ಹೇಳಿದರು. ಇನ್ನು ಸೋಂಕು ತಗಲದ ಹಾಗೆ ನೋಡಿಕೊಳ್ಳಬೇಕು, ಉಸಿರಾಟದ ವ್ಯಾಯಾಮ, ಸೇದುವ ಔಷಧಿ, ಮೂರು ತಿಂಗಳಿಗೊಮ್ಮೆ ತಪಾಸಣೆ. ಇವರು ಮಾಸ್ತರರ ಎದುರಿನ ಹುಡುಗನಂತೆ ಎಲ್ಲಕ್ಕೂ ಆಗಲಿ ಆಗಲಿ ಎಂದರು.

ಆಟೋದಲ್ಲಿ ಬಂದೆವು. ಕ್ಷಮಿಸಿ ಎನ್ನಬೇಕೆಂದುಕೊಂಡಿದ್ದೆ. "ಆ ಸುಳ್ಳನ್ನ ಇಪ್ಪತ್ತೆಂಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ರಲ್ಲ, ನಿಮಗೆ ನಾಚಿಕೆ ಆಗಲ್ವಾ?" ಎಂದು ಬಂತು.

"ಆಗುತ್ತೆ" ಎಂದರು.

ಆಮೇಲೆ ಮನೆ ಬರುವ ತನಕ ನನ್ನ ಚೀಲವನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಏಪ್ರಿಲ್ 4, ಶುಕ್ರವಾರ

ಹದಿನಾಲ್ಕು ಮನೆ. ಐದು ಸಾವು. ಮಂಚ ಬಿಟ್ಟು ಏಳದವರು ಇಬ್ಬರು. ನನ್ನ ಅಕ್ಷರ ನನಗೇ ಓದಲು ಬರುತ್ತಿಲ್ಲ.

ಒಬ್ಬ ಹೆಂಗಸು ಗಂಡನ ಕಡೆ ಬೆರಳು ತೋರಿಸಿ, "ಕೂತಲ್ಲೇ ಬೇರು ಬಿಟ್ಟಿದಾನೆ ನೋಡಿ" ಎಂದಳು. ಫಾರಂ ಮುಗಿದ ಮೇಲೂ ಅಲ್ಲೇ ಒಂದು ಗಂಟೆ ಕೂತಿದ್ದೆ. ಉಳಿದ ಎರಡು ಮನೆ ನಾಳೆಗೆ ಬಿತ್ತು.

ಏಪ್ರಿಲ್ 22, ಮಂಗಳವಾರ

ಲೆಕ್ಕ ಮುಗಿಯಿತು. ನೂರ ಅರವತ್ತಮೂರರಲ್ಲಿ ನೂರ ಮೂವತ್ತೊಂದು ಜನರ ಸುದ್ದಿ ಸಿಕ್ಕಿದೆ. ಊರಿನ ಪ್ರಕಾರ ಹೋಗಬೇಕಿದ್ದವರು ಇಪ್ಪತ್ತೆರಡು. ಹೋದವರು ನಲವತ್ತೊಂಬತ್ತು. ದಶಮಾಂಶ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದ. ಗೆದ್ದೆವು ಎಂದು ಯಾರಿಗೂ ಅನ್ನಿಸಲಿಲ್ಲ.

ನಾನು ಡಾಕ್ಟರಮ್ಮನಿಗೆ ಹೇಳಿದೆ: "ನಮ್ಮನೆಯವರನ್ನ ಕೈಬಿಡಿ ಮೇಡಂ. ಹುಡುಕಿದವಳ ಗಂಡನೇ ಪಟ್ಟೀಲಿದಾನೆ ಅಂತ ಹೊಸ ಕಾರ್ಖಾನೆಯವರು ಎಗರ್ತಾರೆ. ಒಬ್ಬರು ಹೋದ್ರೆ ಉತ್ತರ ಬದಲಾಗಲ್ಲ."

"ಬದಲಾಗಲ್ಲ, ನಿಜ. ಆದ್ರೆ ಮನಸ್ಸಿಗೆ ಬಂದ ಹಾಗೆ ಒಬ್ಬರನ್ನ ತೆಗೆಯೋದೂ ತಪ್ಪೇ. ಎರಡು ದಿನ ಯೋಚನೆ ಮಾಡೋಣ" ಎಂದರು.

ಮನೆಯಲ್ಲಿ ಇವರಿಗೂ ಹೇಳಿದೆ. ಹೂಂ ಎಂದರು. ಇಸ್ತ್ರಿಪೆಟ್ಟಿಗೆಯ ವೈರು ಸುತ್ತುತ್ತಿದ್ದರು.

ಏಪ್ರಿಲ್ 25, ಶುಕ್ರವಾರ

ಹನ್ನೊಂದೂವರೆ ಹೊತ್ತಿಗೆ ಕಚೇರಿಯ ಬಾಗಿಲಲ್ಲಿ ಇವರು ನಿಂತಿದ್ದರು. ಮನೆಯಿಂದ ನನಗೆ ಹದಿನೈದು ನಿಮಿಷದ ದಾರಿ. ಹತ್ತಕ್ಕೇ ಬಿಟ್ಟರಂತೆ. ಅಂಗಿ ಬೆನ್ನಿಗೆ ಅಂಟಿತ್ತು. ದಶಮಾಂಶ ಓಡಿಹೋಗಿ ಕುರ್ಚಿ ತಂದ. ಇವರು ಕುರ್ಚಿಯ ಬೆನ್ನು ಹಿಡಿದುಕೊಂಡರೇ ಹೊರತು ಕೂರಲಿಲ್ಲ.

ಡಾಕ್ಟರಮ್ಮ ಎದ್ದು ಬಂದರು. ಇವರು ಉಸಿರು ಸರಿಹೋಗುವ ತನಕ ಕಾದರು, ನಾವೂ ಕಾದೆವು.

"ನನ್ನ ಹೆಸರು ತೆಗೀಬೇಕು ಅಂತ ಇವಳು ಹೇಳಿದ್ಲಂತೆ" ಎಂದರು. "ಇವಳು ನನ್ನ ಹೆಂಡ್ತಿ ಅನ್ನೋದು ಸುಳ್ಳಲ್ಲ. ಅದನ್ನೂ ಬರೀರಿ. ನಾನು ಶೆಡ್ಡಲ್ಲಿ ನಾಲ್ಕು ವರ್ಷ ಇದ್ದದ್ದೂ ಸುಳ್ಳಲ್ಲ." ಮತ್ತೆ ನಿಂತು ಎರಡು ಉಸಿರು ತೆಗೆದುಕೊಂಡರು. "ಒಂದ್ಸಲ ನಾನೇ ಯಾರಿಗೂ ಹೇಳ್ದೆ ಬಿಟ್ಟು ಬಂದೆ, ಡಾಕ್ಟ್ರೇ. ಈ ಸಲ ನೀವು ಬಿಡಬೇಡಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ದಶಮಾಂಶ ಆಗಲೇ ಕಂಪ್ಯೂಟರಿನ ಮುಂದೆ ಕೂತು, ತನಿಖೆ ಮಾಡಿದವಳಿಗೂ ಈ ವ್ಯಕ್ತಿಗೂ ಇರುವ ಸಂಬಂಧ ಇಂಥದು, ಸಂದರ್ಶಿಸಿದವರು ಬೇರೆಯವರು ಎಂದು ಅಡಿಟಿಪ್ಪಣಿ ಬರೆಯುತ್ತಿದ್ದ. ಮಧ್ಯಾಹ್ನ ಮೂರಕ್ಕೆ ವರದಿ ಸಮಿತಿಗೆ ಹೋಯಿತು. ಅವರು ಏನು ಮಾಡುತ್ತಾರೋ ಗೊತ್ತಿಲ್ಲ.

ನನ್ನ ಕೆಲಸ ಮುಗಿಯುವ ತನಕ ಇವರು ಅಲ್ಲೇ ಕೂತಿದ್ದರು; ಆಟೋ ಕರೆಯಲೇ ಎಂದೆ. ಬೇಡ, ನಡೆಯೋಣ ಎಂದರು. ಸಂಜೆಯ ಬಿಸಿಲಿಗೆ ಹೊರಟವರು ಮನೆ ತಲುಪುವಾಗ ಬೀದಿದೀಪ ಹತ್ತಿತ್ತು. ಇವರು ತುಂಬ ಮಾತಾಡಿದರು, ಒಂದೊಂದು ಮಾತಿಗೂ ನಡುವೆ ಜಾಗ ಬಿಟ್ಟು. ಎಲ್ಲ ಬರೆದಿಡಬೇಕು. ಇವತ್ತು ಕೈಯಲ್ಲಿ ಆಗುವುದಿಲ್ಲ.